ದಾನವೋ, ದಾಯವೋ?

ಪ್ರಜಾಪ್ರಭುತ್ವದಲ್ಲಿ ಬಡವರು ಬಹುಮಂದಿ, ಧನಿಕರು ಕೆಲವರು. ಮತವಾದರೋ ಒಬ್ಬೊಬ್ಬರಿಗೆ ಒಂದೇ. ಆದುದರಿಂದ ಬಹುಮಂದಿ ಒಂದುಗೂಡಿ ಕೆಲವರ ಆಸ್ತಿಯನ್ನು ಹಂಚಿಕೊಂಡುಬಿಡುವರೆಂಬ ಭಯವು ವಿದ್ಯಾವಂತರ ಮನೆಗಳಲ್ಲಿ ಬಹುಕಾಲದಿಂದ ನೆಲೆಸಿದೆ. ೨೦೨೩ರಲ್ಲಿ ಕರ್ನಾಟಕ ಸರ್ಕಾರವು ಐದು ‘ಗ್ಯಾರಂಟಿ’ಗಳನ್ನು ಜಾರಿಗೆ ತಂದಂದಿನಿಂದ ಈ ಭಯಕ್ಕೆ ಹೊಸ ಹೆಸರೊಂದು ದೊರೆತಿದೆ. ಶಿಕಾರಿಪುರದ ಜಗಲಿಗಳಲ್ಲಿಯೂ ಸೊರಬದ ಪಡಸಾಲೆಗಳಲ್ಲಿಯೂ ಅದನ್ನು ‘ಬಿಟ್ಟಿ ಭಾಗ್ಯ’ವೆಂದು ಕರೆಯುತ್ತಾರೆ. ಹೆಂಗಸರಿಗೆ ಬಸ್ಸು ಬಿಟ್ಟಿ, ಮನೆಗೆ ೨೦೦ ಯೂನಿಟ್ಟಿನವರೆಗೆ ವಿದ್ಯುತ್ತು ಬಿಟ್ಟಿ, ಅಕ್ಕಿ ಬಿಟ್ಟಿ, ಗೃಹಿಣಿಗೆ ತಿಂಗಳಿಗೆ ೨,೦೦೦ ರೂಪಾಯಿ ಬಿಟ್ಟಿ. ಇನ್ನು ದುಡಿಯುವವರಾರು, ತೆರಿಗೆ ಕೊಡುವವರಾರು, ಎಂಬುದು ಅಲ್ಲಿಯ ಪ್ರಶ್ನೆ.

ಇದು ಪೂರ್ವಪಕ್ಷ. ಇದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ೨೦೨೪-೨೫ರ ಆಯವ್ಯಯದಲ್ಲಿ ಈ ಐದಕ್ಕಾಗಿ ತೆಗೆದಿರಿಸಿದ ದ್ರವ್ಯವು ಸುಮಾರು ೫೨,೦೦೦ ಕೋಟಿ ರೂಪಾಯಿ. ಆ ವರ್ಷದ ಆಯವ್ಯಯದ ಒಟ್ಟು ಗಾತ್ರವು ೩ ಲಕ್ಷ ೭೧ ಸಾವಿರ ಕೋಟಿ. ಏಳರಲ್ಲಿ ಒಂದು ಪಾಲೆಂಬುದು ಸಣ್ಣ ಮಾತಲ್ಲ. ಆದರೆ ಪೂರ್ವಪಕ್ಷಕ್ಕೆ ಆಧಾರವಾದ ಭಯವು ನಿಜವೇ ಎಂಬುದನ್ನು ಮೊದಲು ಪರೀಕ್ಷಿಸಬೇಕಾಗಿದೆ.

ಪ್ರಜಾಪ್ರಭುತ್ವವೆಂದರೆ ಬಡವರ ಆಳಿಕೆಯೆಂದು ಗ್ರೀಕರ ಅರಿಸ್ಟಾಟಲನು ಎಣಿಸಿದ್ದನು. ೧೯೮೧ರಲ್ಲಿ ಮೆಲ್ಟ್ಸರ್ ಮತ್ತು ರಿಚರ್ಡ್ ಎಂಬ ಇಬ್ಬರು ಅಮೆರಿಕದ ಅರ್ಥಶಾಸ್ತ್ರಜ್ಞರು ಇದನ್ನೇ ಲೆಕ್ಕದ ಸೂತ್ರಕ್ಕಿಳಿಸಿದರು. ಮತದಾರರನ್ನು ಆದಾಯದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವಿನವನ ಆದಾಯವು ಎಲ್ಲರ ಸರಾಸರಿಗಿಂತ ಎಷ್ಟು ಕೆಳಗಿರುವುದೋ ಅಷ್ಟರಮಟ್ಟಿಗೆ ಅವನು ಹಂಚಿಕೆಯನ್ನು ಬಯಸುವನು. ಆದುದರಿಂದ ಅಸಮಾನತೆ ಬೆಳೆದಂತೆ ಹಂಚಿಕೆಯೂ ಬೆಳೆಯತಕ್ಕದ್ದು. ತರ್ಕವು ಸರಿಯಾಗಿಯೇ ಇದೆ. ಪ್ರತ್ಯಕ್ಷವು ಮಾತ್ರ ಅದಕ್ಕೆ ವಿರುದ್ಧವಾಗಿದೆ. ಭಾರತದಲ್ಲಿ ವಯಸ್ಕ ಮತಾಧಿಕಾರದಿಂದ ಮೊದಲ ಮಹಾಚುನಾವಣೆ ಮುಗಿದುದು ೧೯೫೨ರಲ್ಲಿ. ಅನಂತರ ಸತ್ತವರ ಆಸ್ತಿಯ ಮೇಲಣ ತೆರಿಗೆಯೊಂದು ೧೯೫೩ರಲ್ಲಿ ಬಂದಿತು, ೧೯೮೫ರಲ್ಲಿ ಹೋಯಿತು. ಸಂಪತ್ತಿನ ತೆರಿಗೆಯು ೧೯೫೭ರಲ್ಲಿ ಬಂದಿತು. ೨೦೧೫ರ ಆಯವ್ಯಯದಲ್ಲಿ ರದ್ದಾಯಿತು. ಜಾಗತಿಕ ಅಸಮಾನತೆಯನ್ನು ಅಳೆಯುವ ಪ್ಯಾರಿಸ್ಸಿನ ವಿದ್ವಾಂಸರು ೨೦೨೪ರಲ್ಲಿ ಪ್ರಕಟಿಸಿದ ಗಣನೆಯಂತೆ ೨೦೨೨-೨೩ರಲ್ಲಿ ಈ ದೇಶದ ನೂರರಲ್ಲಿ ಒಬ್ಬನ ವರ್ಗವು ಒಟ್ಟು ಆದಾಯದ ಶೇಕಡಾ ೨೨.೬ರಷ್ಟನ್ನೂ ಒಟ್ಟು ಸಂಪತ್ತಿನ ಶೇಕಡಾ ೪೦.೧ರಷ್ಟನ್ನೂ ಹೊಂದಿತ್ತು. ಹೀಗಿರುವಲ್ಲಿ ಬಹುಮಂದಿ ಕೆಲವರನ್ನು ಸುಲಿದರೆಂದು ಹೇಳುವುದು ಹೇಗೆ? ಕೇಳತಕ್ಕ ಪ್ರಶ್ನೆ ಬೇರೆಯೇ ಇದೆ. ಮತವು ಕೈಯಲ್ಲಿದ್ದರೂ ಬಹುಮಂದಿ ತಮ್ಮ ಪಾಲನ್ನು ಏಕೆ ಕೇಳಲಿಲ್ಲ? ಕೇಳಿದ ಕಡೆಯಲ್ಲಿ ಅದು ಹೇಗೆ ದೊರೆಯಿತು? ಕೇಳದ ಕಡೆಯಲ್ಲಿ ಅದರ ಸ್ಥಾನದಲ್ಲಿ ಏನು ದೊರೆಯಿತು?

ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಒಂದಕ್ಕೊಂದು ಅಂಟಿಕೊಂಡಿರುವ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳೆರಡೂ ಒಬ್ಬೊಬ್ಬ ಮುಖ್ಯಮಂತ್ರಿಯನ್ನು ಚುನಾಯಿಸಿ ಕಳುಹಿಸಿವೆ. ಎರಡರಲ್ಲಿಯೂ ಭೂಮಿಯ ಪ್ರಶ್ನೆಯೇ ರಾಜಕಾರಣದ ತಳಹದಿಯಾಗಿತ್ತು. ಆದರೆ ಅದಕ್ಕೆ ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಅದು ದಾನಕ್ಕೂ ದಾಯಕ್ಕೂ ಇರುವ ಭೇದ.

ತನಗೆ ಸೇರಿದ ವಸ್ತುವಿನಲ್ಲಿ ತನ್ನ ಸ್ವತ್ವವನ್ನು ಬಿಟ್ಟು ಮತ್ತೊಬ್ಬನ ಸ್ವತ್ವವನ್ನು ಉಂಟುಮಾಡುವುದು ದಾನವೆಂದು ಶಾಸ್ತ್ರಕಾರರ ಲಕ್ಷಣ. ಆದುದರಿಂದ ಯಾವುದು ತನ್ನದಲ್ಲವೋ ಅದನ್ನು ದಾನಮಾಡಲು ಯಾರಿಗೂ ಬರುವುದಿಲ್ಲ. ಸರ್ವಸ್ವವನ್ನೂ ಕೊಡಬೇಕಾದ ವಿಶ್ವಜಿತ್ ಯಾಗದಲ್ಲಿ ಅರಸನು ಭೂಮಿಯನ್ನು ಕೊಡಬಹುದೇ ಎಂದು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯವು ವಿಚಾರಮಾಡುತ್ತದೆ. ಕೊಡಲಾಗದು, ಭೂಮಿಯು ಎಲ್ಲರಿಗೂ ಸಮಾನವಾದುದು, ಅರಸನ ಸ್ವತ್ತಲ್ಲ, ಎಂಬುದು ಅಲ್ಲಿಯ ನಿರ್ಣಯ. ದಾಯವಾದರೋ ಬೇರೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಪಿತ್ರಾರ್ಜಿತದಲ್ಲಿ ಮಗನ ಹಕ್ಕು ತಂದೆಯ ಕೃಪೆಯಿಂದಲ್ಲ, ಜನ್ಮದಿಂದಲೇ ಬರುವುದೆಂದು ಸಾಧಿಸಿತು. ತಂದೆಯು ಸಂತೋಷಪಟ್ಟರೂ ಕೋಪಿಸಿಕೊಂಡರೂ ಪಾಲು ಪಾಲೇ. ಆ ಪಾಲನ್ನು ಪಡೆದ ಮಗನು ಕೈಮುಗಿದು ನಿಲ್ಲಬೇಕಾಗಿಲ್ಲ. ಪಾಲು ಪತ್ರದ ಮೇಲೆ ತಂದೆಯ ಭಾವಚಿತ್ರವನ್ನೂ ಅಚ್ಚುಹಾಕಬೇಕಾಗಿಲ್ಲ.

ದಾನದ ಮಹಿಮೆಯನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು ಅಲ್ಲಿ ಸಕಲ ಶಾಸ್ತ್ರಗಳ ವ್ಯಾಖ್ಯಾನವು ನಡೆಯುತ್ತಿದ್ದುದನ್ನೂ, ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನವು ದೊರೆಯುತ್ತಿದ್ದುದನ್ನೂ, ರೋಗಿಗಳಿಗೆ ಔಷಧೋಪಚಾರವು ನಡೆಯುತ್ತಿದ್ದುದನ್ನೂ ಹೇಳುತ್ತದೆ. ಅದು ಶ್ಲಾಘ್ಯವಾದ ಕಾರ್ಯ. ಆದರೆ ಆ ಅನ್ನಕ್ಕೆ ಬತ್ತ ಬೆಳೆದವನ ಹಕ್ಕಿನ ಮಾತನ್ನು ಅಂಥ ದಾನಶಾಸನಗಳಲ್ಲಿ ಹುಡುಕುವುದು ವ್ಯರ್ಥ. ದಾನವು ಹಸಿವನ್ನು ತೀರಿಸಬಲ್ಲುದು. ಒಡೆತನವನ್ನು ಅದು ಪ್ರಶ್ನಿಸುವುದಿಲ್ಲ. ಇದೇ ಅದರ ಸ್ವಭಾವ. ಧನಿಕರಿಗೆ ದಾನವು ಪ್ರಿಯವಾಗಿರುವುದಕ್ಕೂ ಬಹುಶಃ ಇದೇ ಕಾರಣ.

ದಾಯವನ್ನು ಕೇಳಿದ ಪ್ರಸಂಗವು ನೆರೆಯ ಸಾಗರ ತಾಲ್ಲೂಕಿನದು. ೧೯೫೧ರ ಏಪ್ರಿಲಿನಲ್ಲಿ ಕಾಗೋಡಿನ ಗೇಣಿದಾರರು, ಅವರಲ್ಲಿ ಹೆಚ್ಚಿನವರು ದೀವರು, ಸತ್ಯಾಗ್ರಹಕ್ಕೆ ನಿಂತರು. ವ್ಯಾಜ್ಯವು ಕೊಳಗದ ಅಳತೆಯದು. ಒಡೆಯರು ಗೇಣಿಬತ್ತವನ್ನು ಅಳೆದುಕೊಳ್ಳುತ್ತಿದ್ದ ಕೊಳಗವು ಸರ್ಕಾರದ ಕೊಳಗಕ್ಕಿಂತ ದೊಡ್ಡದು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷವು ಬೆಂಬಲಕ್ಕೆ ಬಂದಿತು. ಜೂನಿನಲ್ಲಿ ರಾಮಮನೋಹರ ಲೋಹಿಯಾರವರೇ ಬಂದು ಸೆರೆಯಾದರು. ವಾಚಕರು ಗಮನಿಸತಕ್ಕ ಅಂಶವೇನೆಂದರೆ, ಆ ರೈತರು ಅಕ್ಕಿಯನ್ನು ಬೇಡಲಿಲ್ಲ, ಗೇಣಿಯ ಮನ್ನಾವನ್ನೂ ಬೇಡಲಿಲ್ಲ. ನ್ಯಾಯವಾದ ಅಳತೆಯನ್ನು ಕೇಳಿದರು. ಅಳತೆಯನ್ನು ಕೇಳಿದವನು ಮುಂದೆ ನೆಲವನ್ನೂ ಕೇಳುವನೆಂಬುದನ್ನು ಒಡೆಯರು ಅರಿತರು. ಅರಿತುದು ಸರಿಯಾಗಿಯೇ ಇತ್ತು.

ಮರುವರ್ಷ ಶಾಂತವೇರಿ ಗೋಪಾಲಗೌಡರು ವಿಧಾನಸಭೆಯನ್ನು ಪ್ರವೇಶಿಸಿದರು. ಉಳುವವನೇ ಹೊಲದೊಡೆಯನೆಂಬ ಮಾತು ಸಭೆಯೊಳಕ್ಕೆ ಬಂದಿತು. ೧೯೬೧ರಲ್ಲಿ ರಚಿತವಾದ ಭೂಸುಧಾರಣೆಯ ಶಾಸನವು ಜಾರಿಗೆ ಬರಲು ೧೯೬೫ರ ಅಕ್ಟೋಬರ್ ೨ನೆಯ ತಾರೀಖಿನವರೆಗೆ ಕಾಯಬೇಕಾಯಿತು. ಬಂದ ಮೇಲೂ ಅದರಲ್ಲಿ ಒಡೆಯರು ನುಸುಳುವಷ್ಟು ಬಾಗಿಲುಗಳಿದ್ದುವು. ಅವುಗಳಲ್ಲಿ ಹೆಚ್ಚಿನವನ್ನು ಮುಚ್ಚಿದವರು ದೇವರಾಜ ಅರಸರು. ೧೯೭೪ರ ಮಾರ್ಚ್ ೧ರಂದು ಗೇಣಿಯ ಭೂಮಿಯೆಲ್ಲವೂ ಸರ್ಕಾರದಲ್ಲಿ ನಿಹಿತವಾಯಿತು. ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಸ್ಥಾಪಿತವಾದುವು. ಆದಿಯಲ್ಲಿ ಅವುಗಳ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಏಳನೆಯ ನಮೂನೆಯ ಅರ್ಜಿಗಳು ರಾಜ್ಯದಲ್ಲಿ ಸುಮಾರು ೮ ಲಕ್ಷ ಬಂದುವು. ೪ ಲಕ್ಷಕ್ಕೆ ಮೇಲ್ಪಟ್ಟ ಗೇಣಿದಾರರಿಗೆ ಹಕ್ಕು ದೊರೆಯಿತು. ಈ ಜಿಲ್ಲೆಯಲ್ಲಿ ಒಡೆಯನ ಮನೆಯ ಅಂಗಳದಲ್ಲಿ ನಿಂತು ಮಾತನಾಡುತ್ತಿದ್ದವರ ಮಕ್ಕಳು ಒಂದು ತಲೆಮಾರಿನೊಳಗೆ ಉಪಾಧ್ಯಾಯರೂ ವೈದ್ಯರೂ ಶಾಸಕರೂ ಆದುದಕ್ಕೆ ಮೂಲ ಅಲ್ಲಿದೆ. ಅಂದು ನೆಲವನ್ನು ಕಳೆದುಕೊಂಡ ಮನೆಗಳ ದುಃಖವೂ ಸುಳ್ಳಲ್ಲ. ಅವುಗಳಲ್ಲಿ ವಿಧವೆಯರ ಮನೆಗಳೂ ಚಿಕ್ಕ ಹಿಡುವಳಿಯ ಮನೆಗಳೂ ಇದ್ದುವು. ಆದರೆ ಕಷ್ಟವಾಯಿತೆಂಬುದರಿಂದ ಅನ್ಯಾಯವಾಯಿತೆಂದು ಸಿದ್ಧವಾಗುವುದಿಲ್ಲ.

ಆ ಶಾಸನದ ದೋಷವು ಬೇರೆ ಕಡೆಯಲ್ಲಿದೆ. ಅದನ್ನು ಹೊಗಳುವವರು ಆ ದೋಷವನ್ನು ಹೇಳುವುದು ಅಪರೂಪ. ಶಾಸನವು ಗೇಣಿದಾರನಿಗೆ ನೆಲವನ್ನು ಕೊಟ್ಟಿತು; ಕೂಲಿಯವನಿಗೆ ಕೊಡಲಿಲ್ಲ. ಗೇಣಿಯ ಚೀಟಿಯಾಗಲಿ ಪಹಣಿಯ ಹೆಸರಾಗಲಿ ಇಲ್ಲದೆ ಒಡೆಯನ ಗದ್ದೆಯಲ್ಲಿ ತಲೆತಲಾಂತರದಿಂದ ದುಡಿದವನು ಅರ್ಜಿಯಲ್ಲಿ ಏನೆಂದು ಬರೆಯಬೇಕು? ದಲಿತರಲ್ಲಿ ಬಹುಮಂದಿಯೂ, ಶಿಕಾರಿಪುರದ ತಾಂಡಾಗಳ ಲಂಬಾಣಿಗಳಲ್ಲಿ ಅನೇಕರೂ ಈ ವರ್ಗದವರು. ಮಿತಿಗೆ ಮೀರಿದ ಭೂಮಿಯನ್ನು ತೆಗೆದು ಇವರಿಗೆ ಹಂಚಬೇಕೆಂಬ ಭಾಗವು ಶಾಸನದಲ್ಲಿದ್ದರೂ ಅದರಿಂದ ಬಂದ ಭೂಮಿಯು ಅತ್ಯಲ್ಪ. ಅಲ್ಲದೆ, ನೆಲವನ್ನು ಪಡೆದ ಗೇಣಿದಾರನು ಮರುದಿನದಿಂದಲೇ ಒಡೆಯನಾದನು; ಕೂಲಿಯ ದರದ ವಿಷಯದಲ್ಲಿ ಹಳೆಯ ಒಡೆಯನಿಗೂ ಅವನಿಗೂ ಭೇದವು ಬಹಳವಾಗಿ ಉಳಿಯಲಿಲ್ಲ. ಹಂಚಿಕೆಯನ್ನು ಕೇಳುತ್ತಿದ್ದ ಸಾಲಿನಿಂದ ಬಲಿಷ್ಠನಾದವನು ಹೊರಟುಹೋದನು. ಸಾಲಿನಲ್ಲಿ ದುರ್ಬಲರು ಮಾತ್ರ ನಿಂತರು. ಮೆಲ್ಟ್ಸರ್-ರಿಚರ್ಡರ ಸೂತ್ರವು ಸುಳ್ಳಾಗುವುದು ಇಲ್ಲಿ. ಬಡವರೆಂಬುವರು ಒಂದೇ ರಾಶಿಯಲ್ಲ. ಅವರಲ್ಲಿ ಜಾತಿಯುಂಟು, ಒಂದೆಕರೆಯವನಿಗೂ ಎಕರೆಯಿಲ್ಲದವನಿಗೂ ಅಂತರವುಂಟು; ಮತದ ಪೆಟ್ಟಿಗೆಯ ಮುಂದೆ ಈ ಅಂತರಗಳು ಮಾಯವಾಗುವುದಿಲ್ಲ.

ಇಲ್ಲಿಂದ ಮುಂದಿನ ರಾಜಕಾರಣವನ್ನು ನೋಡಬೇಕು. ಸೊರಬದ ಕುಬಟೂರಿನ ಎಸ್. ಬಂಗಾರಪ್ಪನವರು ೧೯೬೭ರಲ್ಲಿ ಸಮಾಜವಾದಿಯಾಗಿ ವಿಧಾನಸಭೆಗೆ ಹೋದವರು. ೧೯೯೦ರಿಂದ ೧೯೯೨ರವರೆಗೆ ಮುಖ್ಯಮಂತ್ರಿಗಳಾಗಿದ್ದರು. ಮನೆಯಿಲ್ಲದವರಿಗೆ ಆಶ್ರಯ, ದೇವಸ್ಥಾನಗಳಿಗೆ ಆರಾಧನಾ, ಗ್ರಾಮದ ಕಸಬುಗಳಿಗೆ ವಿಶ್ವ ಎಂಬ ಯೋಜನೆಗಳು ಅವರವು. ೧೦ ಅಶ್ವಶಕ್ತಿಯವರೆಗಿನ ಪಂಪುಸೆಟ್ಟಿಗೆ ಉಚಿತ ವಿದ್ಯುತ್ತೂ ಅವರ ಹೆಸರಿನೊಡನೆ ಬೆಸೆದುಕೊಂಡಿದೆ. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರು ಜೀತದಾಳುಗಳ, ಬಗರ್‌ಹುಕುಂ ರೈತರ ಪರವಾದ ಹೋರಾಟದಿಂದ ಮೇಲೆ ಬಂದವರು. ೧೯೮೩ರಲ್ಲಿ ಮೊದಲು ಗೆದ್ದರು. ೨೦೦೬-೦೭ರಲ್ಲಿ ಶಾಲೆಯ ಮಕ್ಕಳಿಗೆ ಬೈಸಿಕಲ್ಲೂ ಬಡವರ ಹೆಣ್ಣುಮಕ್ಕಳಿಗೆ ಭಾಗ್ಯಲಕ್ಷ್ಮಿಯೂ ಅವರಿಂದ ಬಂದುವು. ೨೦೦೮ರಲ್ಲಿ ಈ ಇಬ್ಬರೂ ಶಿಕಾರಿಪುರದಲ್ಲಿ ಎದುರೆದುರು ನಿಂತರು, ಯಡಿಯೂರಪ್ಪನವರು ಗೆದ್ದರು. ಪಕ್ಷಗಳು ಬೇರೆ, ಜಾತಿಗಳು ಬೇರೆ, ಧ್ವಜಗಳು ಬೇರೆ; ಆದರೆ ಇಬ್ಬರ ಕೀರ್ತಿಯೂ ನಿಂತುದು ಕೊಡುವ ಕೈಯ ಮೇಲೆ. ಮೊದಲು ನೆಲವನ್ನು ಕೇಳಿದ ರಾಜಕಾರಣವು ಹೀಗೆ ಮೆಲ್ಲಮೆಲ್ಲನೆ ವಸ್ತುವನ್ನು ಕೊಡುವ ರಾಜಕಾರಣವಾಯಿತು.

ಕೊಟ್ಟುದು ತಪ್ಪೆಂದಲ್ಲ. ಬೈಸಿಕಲ್ಲಿನಿಂದ ದೂರದ ಶಾಲೆಗೆ ಹೋಗಿ ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗಿಗೆ ಅದು ದಾನವೋ ದಾಯವೋ ಎಂಬ ವಿಚಾರವು ಬೇಕಾಗಿಲ್ಲ. ಆದರೆ ಒಂದು ಕೈ ಕೊಡುತ್ತಿರುವಾಗ ಮತ್ತೊಂದು ಕೈ ಏನು ಮಾಡಿತೆಂಬುದನ್ನೂ ನೋಡಬೇಕು. ಉಚಿತ ವಿದ್ಯುತ್ತು ಪಂಪುಸೆಟ್ಟಿದ್ದವನಿಗೆ ದೊರೆಯಿತು; ಬಾವಿಯಿಲ್ಲದವನಿಗೆ ದೊರೆಯಲಿಲ್ಲ. ೨೦೨೦ರಲ್ಲಿ ಯಡಿಯೂರಪ್ಪನವರ ಸರ್ಕಾರವು ಭೂಸುಧಾರಣೆಯ ಶಾಸನದ ೭೯ಎ ಮತ್ತು ೭೯ಬಿ ಕಲಮುಗಳನ್ನು ತೆಗೆದುಹಾಕಿತು. ವ್ಯವಸಾಯವಲ್ಲದ ಆದಾಯವು ಗೊತ್ತಾದ ಮಿತಿಯನ್ನು ಮೀರಿದವರೂ ವ್ಯವಸಾಯಗಾರರಲ್ಲದವರೂ ಸಾಗುವಳಿ ಭೂಮಿಯನ್ನು ಕೊಳ್ಳಬಾರದೆಂದು ತಡೆದಿದ್ದ ಕಲಮುಗಳು ಅವು. ಅಷ್ಟೇ ಅಲ್ಲದೆ, ಆ ತೆಗೆದುಹಾಕುವಿಕೆಗೆ ೧೯೭೪ರಿಂದಲೇ ಪೂರ್ವಾನ್ವಯವನ್ನು ಕೊಡಲಾಯಿತು. ಕಾಗೋಡಿನ ಕಾಲದಲ್ಲಿ ಊರೂರಿನಲ್ಲಿ ಕೇಳಿಬರುತ್ತಿದ್ದ ವಾದಗಳು ಅಂದು ಈ ಎರಡು ತಾಲ್ಲೂಕುಗಳ ಜಗಲಿಗಳಲ್ಲಿ ಎಷ್ಟು ಕೇಳಿಬಂದುವು? ಬಿಟ್ಟಿ ಬಸ್ಸಿನ ವಿಷಯದಲ್ಲಿ ಎದ್ದ ಗದ್ದಲದ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಇನ್ನು ಬಗರ್‌ಹುಕುಂ. ಸರ್ಕಾರಿ ಭೂಮಿಯಲ್ಲಿ ಹುಕುಮಿಲ್ಲದೆ ಸಾಗುವಳಿ ಮಾಡಿಕೊಂಡಿರುವ ಭೂರಹಿತರಿಗೆ ಹಕ್ಕನ್ನು ಕೊಡಲು ೧೯೯೧ರಲ್ಲಿ ೯೪ಎ ಎಂಬ ಕಲಮನ್ನು ಸೇರಿಸಿ ೫೦ನೆಯ ನಮೂನೆಯ ಅರ್ಜಿಗಳನ್ನು ಕರೆದರು. ಆಮೇಲೆ ೧೯೯೮ರಲ್ಲಿ ೫೩ನೆಯ ನಮೂನೆ. ಅನಂತರ ೨೦೧೮ರಲ್ಲಿ ೫೭ನೆಯ ನಮೂನೆ. ನಮೂನೆಯ ಮೇಲೆ ನಮೂನೆ ಬಂದಿತೆಂದರೆ ಹಿಂದಿನದು ಮುಗಿಯಲಿಲ್ಲವೆಂದೇ ಅರ್ಥ. ತಂದೆ ಒಂದು ನಮೂನೆಯಲ್ಲಿ ಅರ್ಜಿ ಹಾಕಿ ತೀರಿಕೊಂಡು, ಮಗನು ಮತ್ತೊಂದರಲ್ಲಿ ಹಾಕಿ ಮುದುಕನಾಗುವಷ್ಟು ಕಾಲವು ಇದರಲ್ಲಿ ಕಳೆದಿದೆ. ಈ ಅರ್ಜಿಗಳನ್ನು ತೀರ್ಮಾನಿಸುವ ಸಮಿತಿಗೆ ಅಧ್ಯಕ್ಷರು ಯಾರು? ಕ್ಷೇತ್ರದ ಶಾಸಕರು. ಇಲ್ಲಿಯೇ ಮರ್ಮವಿದೆ. ಹಕ್ಕನ್ನು ನಿರ್ಣಯಿಸತಕ್ಕ ಪೀಠದಲ್ಲಿ ಮತವನ್ನು ಕೇಳತಕ್ಕವನು ಕುಳಿತರೆ ಹಕ್ಕುಪತ್ರವು ಉಪಕಾರವಾಗಿ ಮಾರ್ಪಡುವುದು ಸಹಜ. ಹತ್ತು ಪತ್ರಗಳನ್ನು ಒಂದೇ ದಿನ ಕೊಟ್ಟುಬಿಟ್ಟರೆ ಹತ್ತು ಮಂದಿ ಸ್ವತಂತ್ರರಾಗುವರು. ವರ್ಷಕ್ಕೆ ಎರಡರಂತೆ ಕೊಟ್ಟರೆ ಐದು ವರ್ಷ ಹತ್ತು ಮಂದಿಯೂ ಬಾಗಿಲಲ್ಲಿ ನಿಲ್ಲುವರು. ಯಾವ ಶಾಸಕನ ಮೇಲೆಯೂ ಇಲ್ಲಿ ಆರೋಪವಿಲ್ಲ, ದೋಷವು ಏರ್ಪಾಟಿನದು. ಕಾಡಿನ ಅಂಚಿನ ಸಾಗುವಳಿಯವರ ಪಾಡು ಇನ್ನೂ ಕಠಿನ. ೨೦೦೬ರ ಅರಣ್ಯಹಕ್ಕು ಶಾಸನದ ಪ್ರಕಾರ ಬುಡಕಟ್ಟಿಗೆ ಸೇರದವರು ಮೂರು ತಲೆಮಾರಿನ, ಎಂದರೆ ೭೫ ವರ್ಷದ, ವಾಸವನ್ನು ಸಾಧಿಸಿ ತೋರಿಸಬೇಕು. ಅಕ್ಷರವನ್ನೇ ಅರಿಯದಿದ್ದ ಅಜ್ಜನ ಕಾಗದವನ್ನು ಮೊಮ್ಮಗನು ಎಲ್ಲಿಂದ ತರಬೇಕು?

ಈಗ ಪೂರ್ವಪಕ್ಷಕ್ಕೆ ಸಮಾಧಾನ. ಬಿಟ್ಟಿಯಿಂದ ಜನರು ಸೋಮಾರಿಗಳಾಗುವರೆಂಬುದು ಮೊದಲನೆಯ ಆಕ್ಷೇಪ. ಇದು ನಿಜವಾದರೆ ಪಿತ್ರಾರ್ಜಿತ ಆಸ್ತಿಯಷ್ಟು ಮನುಷ್ಯನನ್ನು ಕೆಡಿಸತಕ್ಕ ವಸ್ತು ಬೇರೊಂದಿಲ್ಲ. ಏಕೆಂದರೆ ಅದಕ್ಕಿಂತ ದೊಡ್ಡ ಬಿಟ್ಟಿ ಬೇರಿಲ್ಲ. ಹತ್ತೆಕರೆಯ ತೋಟವು ಹುಟ್ಟಿನಿಂದಲೇ ಬಂದವನು ಸೋಮಾರಿಯಾಗಲಿಲ್ಲ, ತಿಂಗಳಿಗೆ ೨,೦೦೦ ರೂಪಾಯಿ ಬಂದವಳು ಸೋಮಾರಿಯಾದಳು ಎಂಬುದಕ್ಕೆ ಯಾವ ಪ್ರಮಾಣ? ತೆರಿಗೆ ಕೊಡುವವರು ನಾವು, ತಿನ್ನುವವರು ಅವರು, ಎಂಬುದು ಎರಡನೆಯ ಆಕ್ಷೇಪ. ೨೦೧೭ರಿಂದ ಸರಕು ಮತ್ತು ಸೇವೆಗಳ ತೆರಿಗೆಯನ್ನು ಸೋಪು ಕೊಳ್ಳುವ ಕೂಲಿಯವಳೂ ಕೊಡುತ್ತಿದ್ದಾಳೆ. ಕೇಂದ್ರದ ಆದಾಯ ತೆರಿಗೆಯಾದರೋ ಅಡಿಕೆಯ ತೋಟದ ಆದಾಯವನ್ನು ಮುಟ್ಟುವುದಿಲ್ಲ. ಪಂಪುಸೆಟ್ಟಿನ ವಿದ್ಯುತ್ತು, ಸಾಲದ ಮನ್ನಾ, ಸರ್ಕಾರದ ಹಣದಿಂದ ನಡೆದ ಕಾಲೇಜು, ನಿವೃತ್ತಿಯ ವೇತನ, ಇವೆಲ್ಲವೂ ವಿದ್ಯಾವಂತರ ಮನೆಗಳಿಗೆ ಬಂದಾಗ ಅವುಗಳಿಗೆ ‘ಸೌಲಭ್ಯ’ವೆಂಬ ಗೌರವದ ಹೆಸರಿತ್ತು. ಭೂಮಿಯನ್ನು ಹಂಚಿದರೆ ಹಿಡುವಳಿಗಳು ಚೂರಾಗಿ ವ್ಯವಸಾಯವು ಕೆಡುವುದೆಂಬುದು ಮೂರನೆಯದು. ಅಣ್ಣತಮ್ಮಂದಿರು ಪಾಲಾಗುವಾಗ ನೆಲವು ಚೂರಾಗುವುದಿಲ್ಲವೇ? ಅದನ್ನು ಯಾರಾದರೂ ವ್ಯವಸಾಯದ ಹಿತಕ್ಕಾಗಿ ನಿಷೇಧಿಸಬೇಕೆಂದಿದ್ದಾರೆಯೇ?

ಹಾಗಾದರೆ ಗ್ಯಾರಂಟಿಗಳೇ ಸಾಕೆ? ಸಾಲವು. ಅವುಗಳಲ್ಲಿ ಒಂದು ಗುಣವಿರುವುದನ್ನು ಒಪ್ಪಬೇಕು. ಶಿರಾಳಕೊಪ್ಪದಲ್ಲಿ ಬಸ್ಸು ಹತ್ತುವ ಹೆಂಗಸು ಯಾರ ಶಿಫಾರಸನ್ನೂ ತರಬೇಕಾಗಿಲ್ಲ. ನಿಯಮದಿಂದ ಬರುವ ಹಣಕ್ಕೆ ದಾನಿಯ ಮುಖವನ್ನು ನೋಡಬೇಕಾಗಿಲ್ಲ. ಇಷ್ಟರಮಟ್ಟಿಗೆ ಅವು ದಾಯಕ್ಕೆ ಹತ್ತಿರ. ಆದರೆ ಮೂಲವನ್ನು ಅವು ಮುಟ್ಟುವುದಿಲ್ಲ. ಒಂದು ಸರ್ಕಾರವು ಕೊಟ್ಟುದನ್ನು ಮತ್ತೊಂದು ನಿಲ್ಲಿಸಬಹುದು. ಪದವೀಧರನಿಗೆ ೩,೦೦೦ ರೂಪಾಯಿಗಳನ್ನು ಕೊಡುವ ಯುವನಿಧಿಯನ್ನು ೨೦೨೪ರ ಜನವರಿ ೧೨ರಂದು ಶಿವಮೊಗ್ಗದಲ್ಲಿಯೇ ಆರಂಭಿಸಿದರು. ಆ ಹಣವು ಎರಡು ವರ್ಷಕ್ಕೆ ಮುಗಿಯುವುದು, ಕೆಲಸವಿಲ್ಲದಿರುವುದು ಎರಡು ವರ್ಷಕ್ಕೆ ಮುಗಿಯಬೇಕೆಂಬ ನಿಯಮವಿಲ್ಲ. ೨,೦೦೦ ರೂಪಾಯಿ ಬರುತ್ತಿದೆಯೆಂಬ ಕಾರಣದಿಂದ ತಾಂಡಾದ ಮನೆಯವರು ೫೭ನೆಯ ನಮೂನೆಯ ಅರ್ಜಿಯನ್ನು ಮರೆತರೆ, ದಾನವು ದಾಯವನ್ನು ಕೊಂಡುಕೊಂಡಂತಾಗುವುದು. ಈ ವ್ಯಾಪಾರವು ಧನಿಕರಿಗೆ ಅತ್ಯಂತ ಅಗ್ಗವಾದುದು; ಅಗ್ಗವಾದುದೆಂಬುದು ತಿಳಿಯದೆ ಅವರೇ ಗೊಣಗುತ್ತಿರುವುದು ವಿಚಿತ್ರ.

ಆದುದರಿಂದ ಕೇಳತಕ್ಕದ್ದು ಇಷ್ಟು. ಬಗರ್‌ಹುಕುಂ ಸಮಿತಿಯ ಅಧ್ಯಕ್ಷಪೀಠದಿಂದ ಶಾಸಕನು ಇಳಿಯಬೇಕು. ಅರ್ಜಿಗಳನ್ನು ಗೊತ್ತಾದ ಅವಧಿಯೊಳಗೆ ತೀರ್ಮಾನಿಸಿ, ತಿರಸ್ಕರಿಸಿದಲ್ಲಿ ಕಾರಣವನ್ನು ಬರೆದು ಕೊಡಬೇಕು. ಅರಣ್ಯಹಕ್ಕಿನ ಅರ್ಜಿಗೆ ಗ್ರಾಮದ ಹಿರಿಯರ ಸಾಕ್ಷ್ಯವನ್ನು ಶಾಸನದ ನಿಯಮಗಳೇ ಒಪ್ಪಿವೆ. ಅದನ್ನು ಕಚೇರಿಗಳೂ ಒಪ್ಪಬೇಕು. ದೊಡ್ಡ ಆಸ್ತಿಯು ಒಂದು ತಲೆಮಾರಿನಿಂದ ಮತ್ತೊಂದಕ್ಕೆ ಇಳಿಯುವಾಗ ಸಮಾಜದ ಪಾಲನ್ನು ತೆಗೆಯುವ ತೆರಿಗೆಯು ಮರಳಿ ಬರಬೇಕು. ಇವು ಯಾವುವೂ ಕ್ರಾಂತಿಯ ಮಾತುಗಳಲ್ಲ. ಸಂವಿಧಾನದ ೩೯ನೆಯ ವಿಧಿಯು ರಾಜ್ಯಕ್ಕೆ ತೋರಿಸಿದ ದಾರಿಯೊಳಗಿನವೇ. ರಾಜಕೀಯದಲ್ಲಿ ಸಮಾನತೆಯನ್ನೂ ಬದುಕಿನಲ್ಲಿ ಅಸಮಾನತೆಯನ್ನೂ ಬಹುಕಾಲ ಒಟ್ಟಿಗೆ ಇಟ್ಟುಕೊಂಡರೆ ಪ್ರಜಾಪ್ರಭುತ್ವವೇ ಅಪಾಯಕ್ಕೀಡಾಗುವುದೆಂದು ೧೯೪೯ರ ನವೆಂಬರ್ ೨೫ರಂದು ಸಂವಿಧಾನಸಭೆಯಲ್ಲಿ ಅಂಬೇಡ್ಕರರು ಎಚ್ಚರಿಸಿದ್ದರು.

ವಿದ್ಯಾವಂತರ ಮನೆಗಳು ಮಾಡಬಹುದಾದ ಕೆಲಸವೂ ಒಂದುಂಟು. ೧೯೪೨ರಲ್ಲಿ ತನ್ನದೇ ಸರ್ಕಾರವನ್ನು ಸಾರಿ, ಮರುವರ್ಷ ಐವರನ್ನು ಗಲ್ಲಿಗೆ ಕೊಟ್ಟ ಈಸೂರು ಶಿಕಾರಿಪುರ ತಾಲ್ಲೂಕಿನದೇ ಗ್ರಾಮ. ಅಂಥ ಸೀಮೆಯ ಓದುಬಲ್ಲ ಮನೆಯವರಿಗೆ ನೆರೆಯ ಕೂಲಿಯವನ ಅರ್ಜಿಯನ್ನು ಓದಿ, ತಿದ್ದಿ, ಅದರ ಸಂಖ್ಯೆಯನ್ನೂ ತಾರೀಖನ್ನೂ ಬರೆದಿಟ್ಟು, ತಾಲ್ಲೂಕು ಕಚೇರಿಯಲ್ಲಿ ಉತ್ತರ ಕೇಳುವಷ್ಟು ಬಿಡುವು ಇಲ್ಲದೆ ಹೋಗಲಾರದು. ಬಿಟ್ಟಿ ಭಾಗ್ಯವೆಂದು ಹಳಿಯುವುದಕ್ಕೆ ಹಿಡಿಯುವ ಹೊತ್ತಿಗಿಂತ ಅದಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.